ಮೇಡಂ ಕೂತ ಜಾಗ

ಎಡಗಾಲಿನ ಕಾಲುಚೀಲದೊಳಗೆ ಒಂದೇ ಒಂದು ಸಿಗರೇಟು. ಸುಂಕದ ಗೋದಾಮಿನ ಗುಮಾಸ್ತನ ಅಂದಿನ ಸಂಕಟಕ್ಕೆಲ್ಲ ಅದೇ ಮೂಲ. ಹಿಂದಿನ ಸಂಜೆಯಷ್ಟೇ ಅವನು ಹೆಂಡತಿಯ ತಲೆ ಮುಟ್ಟಿ ಆಣೆಯಿಟ್ಟಿದ್ದ. "ಇನ್ನೊಂದು ಸಲ ವಾಸನೆ ಬಂತೋ, ನೀವು ಗೋದಾಮಿನಲ್ಲೇ ಮಲಗಿ," ಎಂದಿದ್ದಳು ಅವಳು. ಅವಳು ಹೇಳಿದ್ದನ್ನು ಮಾಡುವವಳು.

ಊಟ ಮುಗಿಸಿ ಗೋಡೆಯ ಮರೆಗೆ ಜಾರಬೇಕು ಎನ್ನುವಷ್ಟರಲ್ಲಿ ಮೇಡಂ ಬಂದರು.

ಮೇಡಂ ಎಂದರೆ ನಾಯಿ. ಕಳ್ಳಸಾಗಣೆಯ ತಂಬಾಕು ಹಿಡಿಯುವ, ಮೂತಿ ನರೆತ ಕಪ್ಪು ನಾಯಿ. ಬೊಗಳುವುದಿಲ್ಲ, ಕೆರೆಯುವುದಿಲ್ಲ, ಮಾಲು ಸಿಕ್ಕಿದರೆ ಅದರೆದುರು ಸುಮ್ಮನೆ ಕೂತುಬಿಡುವುದು ಅದರ ಕ್ರಮ. ಅದರ ಹಗ್ಗ ಹಿಡಿದು ಬಂದವನು ಗುಮಾಸ್ತನ ಹೆಂಡತಿಯ ಸ್ವಂತ ತಮ್ಮ.

ಗೋದಾಮು ಉಸಿರು ಬಿಗಿಹಿಡಿಯಿತು. ದೊಡ್ಡ ಸಾಹೇಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕೈಕಟ್ಟಿ ನಿಂತರು. ಮೇಡಂ ಪೆಟ್ಟಿಗೆಗಳ ಸಾಲು ದಾಟಿ, ಟೈಪಿಸ್ಟಮ್ಮನನ್ನು ದಾಟಿ, ಗುಮಾಸ್ತನ ಮುಂದೆ ಬಂದು, ಅವನ ಮುಖವನ್ನೊಮ್ಮೆ ನೋಡಿ, ಕೂತರು.

"ಜೇಬು ತೋರಿಸಿ," ಎಂದಳು ಟೈಪಿಸ್ಟಮ್ಮ.

"ಜೇಬಲ್ಲಮ್ಮ, ಬೂಟು ಬಿಚ್ಚಿಸಿ. ನಮ್ಮ ಮಾವ ಅಲ್ಲೇ ಇಡ್ತಿದ್ದಿದ್ದು," ಎಂದ ಕಾವಲುಗಾರ.

ಗುಮಾಸ್ತನ ದನಿ ಸೊಳ್ಳೆಯಷ್ಟಾಯಿತು. "ನನ್ನನ್ನ ಯಾಕೆ ನೋಡ್ತೀರಿ? ಹಿಂದೆ ಪೆಟ್ಟಿಗೆ ಇದೆಯಲ್ಲ."

"ಅದು ಮೀನಿನ ಡಬ್ಬಿ ಕಣಯ್ಯ," ಎಂದರು ಸಾಹೇಬರು.

"ಮತ್ತೆ ಮೇಡಂ ಸುಳ್ಳು ಹೇಳ್ತಾರಾ ಸಾರ್?"

ಪೆಟ್ಟಿಗೆ ಒಡೆದರು. ಮೇಲೆ ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡ ಡಬ್ಬಿಗಳು, ಹಳೇ ತಾರೀಖಿನ ಮೇಲೆ ಅಂಟಿಸಿದ ಹೊಸ ತಾರೀಖು. ಒಂದು ಡಬ್ಬಿ ಬಿರಿದು, ನಾತಕ್ಕೆ ಕಾವಲುಗಾರ ಓಡಿದ. ಅವುಗಳ ಕೆಳಗೆ, ತಳದವರೆಗೂ, ಕಳ್ಳ ಸಿಗರೇಟಿನ ಕಟ್ಟುಗಳು.

ಸಾಹೇಬರು ಟೋಪಿ ತೆಗೆದರು. "ಇಷ್ಟು ಕೊಳೆತ ಮೀನಿನ ಅಡಿಯಿಂದ," ಎಂದಷ್ಟೇ ಹೇಳಿ ನಿಲ್ಲಿಸಿದರು. ಟೈಪಿಸ್ಟಮ್ಮನ ಕಣ್ಣು ತುಂಬಿತ್ತು. ಗುಮಾಸ್ತನಿಗೂ ಮೈ ಜುಮ್ಮೆಂದಿತು. ಇಂಥ ಮಹಾಮೂಗು ತನ್ನ ಬಡ ಕಾಲುಚೀಲವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ತಾನು ಸುಮ್ಮನೆ ಹೆದರಿದ್ದೆ ಎಂದುಕೊಂಡ.

ಪೆಟ್ಟಿಗೆಯನ್ನು ಗಾಡಿಯಲ್ಲಿ ಜಪ್ತಿ ಕೋಣೆಗೆ ತಳ್ಳಿಕೊಂಡು ಹೋದರು. ಎಲ್ಲರೂ ಹಿಂದೆಯೇ ನಡೆದರು. ಗುಮಾಸ್ತನ ಬೆನ್ನ ಹಿಂದೆ ಈಗ ಬರೀ ಗೋಡೆ.

ಮೇಡಂ ಕೂತಲ್ಲಿಂದ ಏಳಲಿಲ್ಲ.

ಭಾವಮೈದುನ ಹಗ್ಗ ಜಗ್ಗಿದ. ಊಹುಂ. ನಾಯಿಯ ನೋಟ ಹಿಡಿದು ಎಡಗಾಲಿನ ಬೂಟು ನೋಡಿದ, ಆಮೇಲೆ ಭಾವನ ಮುಖ ನೋಡಿದ.

"ಅಕ್ಕನಿಗೆ ಹೇಳಬೇಡ ಕಣೋ," ಎಂದ ಗುಮಾಸ್ತ.

"ನಾನ್ಯಾಕೆ ಹೇಳಲಿ ಭಾವ?" ಅವನು ಹಗ್ಗವನ್ನು ಗುಮಾಸ್ತನ ಕೈಗಿಟ್ಟ. "ಮೇಡಂಗೆ ವಯಸ್ಸಾಯ್ತು, ಇವತ್ತಿಗೆ ನಿವೃತ್ತಿ. ನಾನೇ ಸಾಕ್ತೀನಿ ಅಂತ ಅಕ್ಕ ಬರೆದುಕೊಟ್ಟಿದ್ದಾಳೆ. ಬಾಗಿಲ ಹತ್ರ ಚಾಪೆನೂ ಹಾಸಿ ಆಗಿದೆಯಂತೆ. ಹೇಗೂ ಮನೆಗೆ ಹೋಗ್ತೀರಲ್ಲ, ನೀವೇ ಕರ್ಕೊಂಡು ಹೋಗಿ."

ಮೇಡಂ ಮೊದಲ ಸಲ ಬಾಲ ಅಲ್ಲಾಡಿಸಿದರು.