ಸದನದಲ್ಲಿ ಓದಿದ ಭಾಷಣ

ಟೈಪಿಸ್ಟನ ಹೆಂಡತಿಯ ತಮ್ಮ ಸೈನ್ಯದಲ್ಲಿದ್ದ. ಸಮುದ್ರದಾಚೆ ಯಾರದೋ ಯುದ್ಧಕ್ಕೆ ಅವನ ತುಕಡಿಯನ್ನು ಕಳಿಸಲು ಸರ್ಕಾರ ಹೊರಟಿತ್ತು.

"ನಿಮ್ಮ ಸಾಹೇಬ್ರು ವಿರೋಧ ಮಾಡ್ತಿದಾರಲ್ಲ, ಗಟ್ಟಿಯಾಗಿ ಬರ್ಕೊಡಿ. ನನ್ನ ತಮ್ಮ ಹೋದ್ರೆ ನೀವೂ ಮನೆಗೆ ಬರ್ಬೇಡಿ," ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ವಿರೋಧ ಪಕ್ಷದ ಕಚೇರಿಯಲ್ಲಿ ಕೂತು ಅವನು ಎದೆ ಬಗೆದು ಭಾಷಣ ಬರೆದ. ನಾಯಕರು ಓದಲಿಲ್ಲ. ಅವರು ಯಾವ ಭಾಷಣವನ್ನೂ ಮೊದಲ ಸಲ ಓದುವುದು ಸದನದಲ್ಲಿ ಎದ್ದು ನಿಂತ ಮೇಲೇ. ಯುದ್ಧ ಯಾವ ದೇಶದಲ್ಲಿ ಎಂದೂ ಅವರು ಕೇಳಿರಲಿಲ್ಲ.

ಮಧ್ಯಾಹ್ನ ಸುದ್ದಿ ಬಂತು: ಪ್ರಧಾನಿ ಮನಸ್ಸು ಬದಲಿಸಿದ್ದಾರೆ, ಸೈನ್ಯ ಹೋಗುವುದಿಲ್ಲ. ಟೈಪಿಸ್ಟ್ ಕುರ್ಚಿಯಲ್ಲೇ ಕುಣಿದ. ಸುತ್ತ ನೋಡಿದರೆ ಕಚೇರಿ ಸಾವಿನ ಮನೆಯಂತಿತ್ತು.

"ನಗ್ತಾ ಕೂತಿದೀಯಲ್ಲ ಪುಣ್ಯಾತ್ಮ," ಎಂದರು ಕಾರ್ಯದರ್ಶಿ. "ಅವ್ರು ಬೇಡ ಅಂದ್ಮೇಲೆ ನಾವು ಬೇಕು ಅನ್ಬೇಕಲ್ಲ. ನಾಲ್ಕಕ್ಕೆ ಸದನ. ಹೊಸದು ಬರಿ."

"ನಿನ್ನೆ ತನಕ ಶಾಂತಿ ಅಂತಿದ್ವಲ್ಲ ಸಾರ್?"

"ನಿನ್ನೆ ಅವ್ರು ಯುದ್ಧ ಅಂತಿದ್ರು."

ಹೊರಗೆ ಕಾರ್ಯಕರ್ತರು ಆಗಲೇ ಬ್ಯಾನರಿನ ಪಾರಿವಾಳಕ್ಕೆ ಕಂದು ಬಣ್ಣ ಬಳಿದು ಹದ್ದು ಮಾಡುತ್ತಿದ್ದರು. ಅದು ಹೊಟ್ಟೆ ಕೆಟ್ಟ ಕೋಳಿಯಂತೆ ಕಾಣುತ್ತಿತ್ತು.

ಟೈಪಿಸ್ಟ್ ಯುದ್ಧದ ಭಾಷಣ ಬರೆದು ತೋರಿಸಿದ. ಕಾರ್ಯದರ್ಶಿ ತಲೆದೂಗಿದರು. ಫೈಲಿಗೆ ಹಾಕುವಾಗ ಮಾತ್ರ ಹೆಂಡತಿಯ ಮುಖ ಕಣ್ಣ ಮುಂದೆ ಬಂದು, ಬೆಳಗಿನ ಶಾಂತಿ ಭಾಷಣದ ಹಾಳೆಗಳನ್ನೇ ತುರುಕಿದ.

ನಾಯಕರು ಗುಡುಗುತ್ತಾ ಓದಿದರು. ಬಾಯಿ ಶಾಂತಿ, ಶಾಂತಿ ಎನ್ನುತ್ತಿತ್ತು. ಕಿವಿ ಎಂದಿನಂತೆ ಚಪ್ಪಾಳೆಗಷ್ಟೇ ಕಾದಿತ್ತು. ಸರ್ಕಾರದ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಕಚೇರಿಯ ಟಿವಿ ಮುಂದೆ ಟೈಪಿಸ್ಟ್ ಉಸಿರು ಬಿಟ್ಟ. ಕೆಲಸ ಹೋದರೂ ಸರಿ, ಭಾವಮೈದುನ ಉಳಿದ.

ಆಗ ಪ್ರಧಾನಿ ಎದ್ದರು. "ಇವ್ರು ನಮ್ಮನ್ನ ಒಪ್ತಾರೆ ಅಂದ್ರೆ ನಾವೆಲ್ಲೋ ದಾರಿ ತಪ್ಪಿದೀವಿ ಅಂತಲೇ ಅರ್ಥ. ಸೈನ್ಯ ನಾಳೆಯೇ ಹೊರಡತ್ತೆ."

ನಾಯಕರು ಕಚೇರಿಗೆ ಬಂದವರೇ ಟೈಪಿಸ್ಟನನ್ನು ತಬ್ಬಿಕೊಂಡರು. "ಹಾಳೆ ಬದಲಾಯ್ಸಿದ್ದು ನೀನಂತೆ. ಏನು ತಲೆನಯ್ಯಾ ನಿಂದು. ಅವರನ್ನ ಮತ್ತೆ ಯುದ್ಧಕ್ಕೆ ತಳ್ಬಿಟ್ಟೆ. ಚುನಾವಣೆ ತನಕ ಶಾಂತಿ ನಮ್ದೇ."

"ಸಾರ್," ಎಂದ ಟೈಪಿಸ್ಟ್. "ನನ್ನ ಭಾವಮೈದುನ ಅದೇ ತುಕಡೀಲಿದಾನೆ. ಮನೇಲಿ ಹೆಂಡತಿ ಅಳ್ತಿದಾಳೆ."

ನಾಯಕರ ಮುಖ ಅರಳಿತು. "ಮೊದ್ಲೇ ಹೇಳ್ಬಾರ್ದಾ? ನಾಳೆ ಸಭೇಲಿ ಆಯಮ್ಮನ್ನ ನನ್ನ ಪಕ್ಕದಲ್ಲೇ ಕೂರಿಸೋಣ. ಅಲ್ಲೀತನಕ ಅಳು ನಿಲ್ಲಿಸ್ಬೇಡಿ ಅಂತ ಈಗ್ಲೇ ಫೋನ್ ಮಾಡಿ ಹೇಳು."