ಕೆಂಪುಶಾಯಿಯವರ ಕೊನೆಯ ಕರಡು

ರಾದ್ಧಾಂತವೆಲ್ಲ ಶುರುವಾದದ್ದು ಅಂಗೈಯಗಲದ ಒಂದು ಒದ್ದೆ ಕರಡಿನಿಂದ.

ಆಗಿನ್ನೂ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲ. ಶಾಯಿ, ಸೀಮೆಎಣ್ಣೆ, ಹಸಿ ಕಾಗದ ಮೂರೂ ಬೆರೆತ ಆ ವಾಸನೆ ಅಂಗಿಗೆ ಹತ್ತಿದರೆ ಮೂರು ಒಗೆತಕ್ಕೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅಂಥದೊಂದು ಅಚ್ಚುಕೂಟದ ಮೂಲೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು ಕೆಂಪುಶಾಯಿಯವರು. ಪರರು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವರ ಹೊಟ್ಟೆಪಾಡು. ತಮ್ಮಲ್ಲಿ ತಪ್ಪು ಹುಡುಕುವುದು ಹವ್ಯಾಸ. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಯ ಕ್ಷಮೆ ಕೇಳುವ ಆಸಾಮಿ.

ನಿವೃತ್ತಿಯ ದಿನ ಬೆಳಿಗ್ಗೆ ಮೇಜಿನ ಮೇಲೆ ಬಂದು ಬಿದ್ದದ್ದು ಅವರದೇ ಬೀಳ್ಕೊಡುಗೆಯ ಪತ್ರ. ಜೊತೆಯವರೆಲ್ಲ ಸೇರಿ ಬರೆದಿದ್ದರು, ಸಂಜೆ ಚೌಕಟ್ಟು ಹಾಕಿಸಿ ಕೊಡುವವರಿದ್ದರು. ಆದರೆ ಕೆಂಪುಶಾಯಿಯವರು ನೋಡದ ಹಾಳೆ ಯಂತ್ರ ಹತ್ತಬಾರದೆಂಬುದು ಅಲ್ಲಿನ ಕಟ್ಟಳೆ.

‘ಅಸಾಧಾರಣ ವಿದ್ವತ್ತು’ ಎಂದಿತ್ತು. ಯಾರದಪ್ಪಾ ಇದು ಎಂದುಕೊಂಡು ಕೆಂಪು ಗೆರೆ ಎಳೆದು ಹೊಡೆದುಹಾಕಿದರು. ‘ನಮ್ಮೆಲ್ಲರ ಗುರು.’ ಯಾರಿಗೂ ಪಾಠ ಹೇಳಿದ ನೆನಪಿರಲಿಲ್ಲ; ಅದೂ ಹೋಯಿತು. ‘ಎಲ್ಲರ ಪ್ರೀತಿಯ’ ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತಿತು. ಒಳಗೆಲ್ಲೋ ಬೆಚ್ಚಗಾಯಿತು. ಪುರಾವೆಯಿಲ್ಲವೆಂದು ಅದನ್ನೂ ಹೊಡೆದರು.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತು ವಿಷಯ ಹೇಳಿದಾಗ ಹೆಂಡತಿ ಸೌಟು ಕೆಳಗಿಟ್ಟಳು.

“ಮದುವೆಯಾದಾಗಿಂದ ನೋಡ್ತಿದೀನಿ. ಯಾರಾದ್ರೂ ಒಳ್ಳೇ ಮಾತಾಡಿದ್ರೆ, ಹಿಂದೆ ಇನ್ಯಾರೋ ನಿಂತಿದಾರೇನೋ ಅಂತ ತಿರುಗಿ ನೋಡ್ತೀರಿ. ಅವರು ಬರೆದಿದ್ದು ನಿಮ್ಮನ್ನ ಕಂಡು ಕಣ್ರೀ. ಇವತ್ತೊಂದಿನ ಒಪ್ಕೊಂಡ್ಬಿಡಿ.”

“ಅದು ಸುಳ್ಳಿದ್ರೆ?”

“ಇರ್ಲಿ. ಇಷ್ಟು ವರ್ಷಕ್ಕೆ ಒಂದು ಸುಳ್ಳು ಅಚ್ಚಾದ್ರೆ ಪ್ರೆಸ್ಸೇನೂ ಮುಳುಗಲ್ಲ.”

ಕೆಂಪುಶಾಯಿಯವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಬೆಳಿಗ್ಗೆ ಹೊಡೆದುಹಾಕಿದ ಆ ಮೂರು ಮಾತುಗಳಿಗಾಗಿಯೇ ತಾವು ಮೂವತ್ತೊಂದು ವರ್ಷ ಕಾದಿದ್ದೆವೆಂದು ಅವರಿಗೆ ಗೊತ್ತಾದದ್ದು ಆಗಲೇ. ಅರ್ಧಂಬರ್ಧ ಕೈತೊಳೆದು ಅಚ್ಚುಕೂಟಕ್ಕೆ ಓಡಿದರು. ದಾರಿಯಲ್ಲಿ ದರ್ಜಿ ತಡೆದು ಬೆಂಕಿ ಬಿದ್ದಿದೆಯೇ ಎಂದು ಕೇಳಿದ. ಔಷಧಿ ಅಂಗಡಿಯಾತ ಮನೆಯಲ್ಲಿ ಯಾರಿಗೇನಾಯಿತೆಂದು ವಿಚಾರಿಸಿ, ಕೇಳದೆಯೇ ಎರಡು ಮಾತ್ರೆ ಕೈಗಿಟ್ಟ. ಬೇಡವೆನ್ನಲು ಸಂಕೋಚವಾಗಿ ಅವನ್ನು ನುಂಗಿಯೇ ಮುಂದೆ ಹೋಗಬೇಕಾಯಿತು.

ಅಷ್ಟರಲ್ಲಿ ಪತ್ರ ಅಚ್ಚಾಗಿ, ಮೊಳೆಗಳೆಲ್ಲ ಬಿಚ್ಚಿ ತಂತಮ್ಮ ಖಾನೆ ಸೇರಿದ್ದವು. ಚೌಕಟ್ಟಿನ ಗಾಜಿನ ಹಿಂದೆ ಒಂದೇ ಒಂದು ಸಾಲಿತ್ತು: ‘ಇವರು ಇಲ್ಲಿ ಮೂವತ್ತೊಂದು ವರ್ಷ ಇದ್ದರು.’

ಜೀವಮಾನದಲ್ಲಿ ಮೊದಲ ಸಲ ಕೆಂಪುಶಾಯಿಯವರು ದನಿ ಎತ್ತಿದರು. “ನಾನು ಹೊಡೆದಿದ್ದು ತಪ್ಪು. ಅದೆಲ್ಲ ವಾಪಸ್ ಹಾಕಿ.”

ಮೊಳೆ ಜೋಡಿಸುವವನು ಪ್ರೀತಿಯಿಂದ ಅವರ ಕೈ ಹಿಡಿದುಕೊಂಡ.

“ಸುಮ್ನಿರಿ ಸಾರ್, ನೀವು ತಪ್ಪು ಮಾಡೋದುಂಟಾ? ನಾವು ಮನಸಾರೆ ಬರೆದಿದ್ವಿ. ನಿಮ್ಮ ಕರಡು ಬಂದ್ಮೇಲೆ ಎಲ್ಲರೂ ಕೂತು ಯೋಚನೆ ಮಾಡಿದ್ವಿ. ಇಷ್ಟು ವರ್ಷದಲ್ಲಿ ನಿಮ್ಮ ಕೆಂಪು ಗೆರೆ ಒಂದೂ ಸುಳ್ಳಾಗಿಲ್ಲ. ಹಾಗಾಗಿ ನಿಮ್ಮ ಬಗ್ಗೆ ನಮಗೇ ತಪ್ಪು ಕಲ್ಪನೆ ಇತ್ತು ಅಂತ ಒಪ್ಕೊಂಡ್ವಿ.”

ತಪ್ಪು ಮಾಡಿದ್ದೇನೆಂದು ಸಾಧಿಸಿದರೆ ತಪ್ಪೇ ಮಾಡದವರೆಂಬ ಹೆಸರು ಹೋಗುತ್ತಿತ್ತು. ಕೆಂಪುಶಾಯಿಯವರು ಆ ಸಾಲನ್ನು ಇನ್ನೊಮ್ಮೆ ಓದಿದರು.

“ನೀವು ಹೇಳೋದೂ ಸರಿ” ಎಂದರು.