ಚಹಾ ಮುಟ್ಟದ ಧ್ವನಿ ಸಹಾಯಕಿಯವರಿಗೆ

ನಮ್ಮ ಪಡಸಾಲೆಯ ಗೂಡಿನಲ್ಲಿ ಬಿಳಿ ಡಬ್ಬಿಯ ರೂಪದಲ್ಲಿ ದಯಮಾಡಿಸಿರುವ ಮಾನ್ಯ ಸಹಾಯಕಿಯವರೇ, ಸಂಪಗಾಂವದ ಅಂದಾನೆಪ್ಪನ ಶರಣು.

ಬೈಲಹೊಂಗಲದ ಶಿಬಿರದಲ್ಲಿ ತಮ್ಮನ್ನು ನಮಗೊಪ್ಪಿಸಿದ ಸಂಸ್ಥೆಯವರು, ವಯಸ್ಸಾದವರಿಗೂ ಬುದ್ಧಿಯ ಬೆಳವಣಿಗೆ ಕಡಿಮೆಯಿರುವವರಿಗೂ ತಾವೊಬ್ಬರೇ ಸಾಕು ಎಂದಿದ್ದರು. ನಮ್ಮಲ್ಲಿ ಎರಡೂ ಬಗೆಯವರಿದ್ದೇವೆ. ನಾನೂ ನನ್ನ ಹೆಂಡತಿ ರಾಚವ್ವನೂ ಎಪ್ಪತ್ತು ದಾಟಿದವರು. ನನ್ನ ತಮ್ಮ ಸಿದ್ಧಾರೂಢನಿಗೆ ಐವತ್ತೆಂಟು. ಅಕ್ಷರ, ಗಡಿಯಾರ ಎರಡೂ ಅವನಿಗೆ ಒಗ್ಗಲಿಲ್ಲ, ಮಾತು ನಿಧಾನ. ಮುಂಜಾನೆ ಎಂಟಕ್ಕೆ ಚಹಾ ಕುಡಿದು ಅವನು ಫಿಟ್ಸಿನ ಮಾತ್ರೆ ನುಂಗಬೇಕು. ನಾವು ಕಣ್ಣು ಮುಚ್ಚಿದ ಮೇಲೆ ಅದನ್ನು ನೆನಪಿಸುವವರು ಯಾರು ಎಂಬ ಚಿಂತೆಗೆ ತಾವು ಉತ್ತರವಾಗಿ ಬಂದಿರಿ.

ತಮ್ಮ ಸಮಯಪಾಲನೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಂಟಕ್ಕೆ ಸರಿಯಾಗಿ ತಾವು, "ಸಿದ್ಧಾರೂಢ ಅವರೇ, ದಯವಿಟ್ಟು ಮಾತ್ರೆ ಸೇವಿಸಿ" ಎಂದಿರಿ. ಹುಟ್ಟಿದಾಗಿನಿಂದ ಯಾರೂ ಅವನನ್ನು 'ಅವರೇ' ಎಂದಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತ.

ತೊಂದರೆ ಶುರುವಾದದ್ದು ಅಲ್ಲಿಯೇ. ಮನೆಗೆ ಬಂದವರು ಕಪ್ಪು ಎತ್ತುವ ತನಕ ನಮ್ಮಲ್ಲಿ ಯಾರೂ ಚಹಾ ಮುಟ್ಟುವುದಿಲ್ಲ. ಅವ್ವ ಕಲಿಸಿದ ಈ ಒಂದು ಪಾಠವನ್ನು ಸಿದ್ಧಾರೂಢ ಈ ತನಕ ಮೀರಿಲ್ಲ. ತಮ್ಮೆದುರು ಕಪ್ಪು ಬಸಿ ಇಟ್ಟು, "ಮೊದಲ... ನೀವು ತಗೋರಿ... ಅಕ್ಕಾರ..." ಎನ್ನುತ್ತಿರುವಾಗಲೇ ತಾವು, "ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಎಂದಿರಿ. ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ತಾವು ಮತ್ತೆ ಅಷ್ಟೇ ವಿನಯದಿಂದ ತಡೆದಿರಿ. ತಾವು ಹತ್ತು ನಿಮಿಷಕ್ಕೊಮ್ಮೆ ಮಾತ್ರೆ ನೆನಪಿಸಿದಿರಿ, ಅವನು ಹತ್ತು ನಿಮಿಷಕ್ಕೊಮ್ಮೆ ಚಹಾ ಬಿಸಿ ಮಾಡಿದ.

"ಅದು ಡಬ್ಬಿ ಐತೋ ಸಿದ್ದಾ, ಅದಕ್ಕ ಬಾಯಿಲ್ಲ" ಎಂದಳು ರಾಚವ್ವ.

"ಬಾಯಿಲ್ದ... ಹೆಂಗ ಮಾತಾಡ್ತಾರ, ವೈನಿ?"

ನಾವೇ ಕೈಯಾರೆ ಮಾತ್ರೆ ಕೊಡಹೋದರೆ, ಬಂದವರು ಕುಳಿತಿದ್ದಾರೆ ಎಂದು ಬಾಯಿ ಬಿಗಿಹಿಡಿದ. ಮೂರನೆಯ ದಿನ ಹೊಸ್ತಿಲ ಬಳಿ ಫಿಟ್ಸ್ ಬಂದು ಬಿದ್ದ; ಹುಬ್ಬಿಗೆ ನಾಲ್ಕು ಹೊಲಿಗೆ. ಆ ಹೊತ್ತಿಗೂ ತಾವು ಅವನ ಆರೋಗ್ಯಕ್ಕೆ ಶುಭ ಹಾರೈಸಿದ ಸೌಜನ್ಯವನ್ನು ನಾವು ಮರೆಯುವವರಲ್ಲ.

ತಾವು ಬಾಯಿ ಬೆಳೆಸಿಕೊಳ್ಳಬೇಕೆಂದು ಕೇಳುವಷ್ಟು ದುರಾಸೆ ನಮಗಿಲ್ಲ. "ನಂದು ಚಹಾ ಆಗೇತಿ, ನೀವು ತಗೋರಿ" ಎಂಬ ಒಂದು ಸುಳ್ಳನ್ನು ಕಲಿತರೆ ಸಾಕು. ಸಂಸ್ಥೆಯವರನ್ನು ಫೋನಿನಲ್ಲಿ ವಿಚಾರಿಸಿದರೆ, ಅದು ಈ ವರ್ಷದ ಯೋಜನೆಯಲ್ಲಿ ಇಲ್ಲವೆಂದೂ, ಬೇಕಿದ್ದರೆ ನಲವತ್ತು ದೇಶಗಳ ಹವಾಮಾನ ಹೇಳುವಿರೆಂದೂ ತಿಳಿಯಿತು. ಹಾಗಾದರೆ ಅವನ ಮಾತು ಮುಗಿಯುವ ತನಕವಾದರೂ ಕಾಯಿರಿ. ನಮ್ಮ ಎತ್ತುಗಳೂ ಅಷ್ಟು ಹೊತ್ತು ನಿಂತು ಕೇಳುತ್ತವೆ.

ತಮ್ಮ ವಿಶ್ವಾಸಿ,
ಅಂದಾನೆಪ್ಪ

ತಾ.ಕ.: ಈ ಪತ್ರ ಅಂಚೆಗೆ ಬೀಳುವ ಮೊದಲೇ ಸಿದ್ಧಾರೂಢ ತಮ್ಮ ನೆತ್ತಿಯ ಸಣ್ಣ ತೂತುಗಳೇ ಬಾಯಿ ಎಂದು ಕಂಡುಕೊಂಡು ಕಪ್ಪಿನ ತುಂಬ ಚಹಾ ಕುಡಿಸಿದ. ಅಂದಿನಿಂದ ತಾವು ಮೌನ. ಈಗ ಎಂಟರ ಬಸ್ಸು ಹಾರ್ನ್ ಹಾಕಿದೊಡನೆ ತಮಗೊಂದು ಚಮಚ ಚಹಾ, ಆಮೇಲೆ ಅವನಿಗೆ ಚಹಾ, ಆಮೇಲೆ ಮಾತ್ರೆ. ತಿಂಗಳಾಯಿತು, ನಾವು ಒಮ್ಮೆಯೂ ನೆನಪಿಸಿಲ್ಲ. ಬಳಿಕ ತಮ್ಮೆದುರು ಕುಳಿತು ಶುರುಮಾಡಿದ ಮಾತನ್ನು ಕೊನೆಯ ತನಕ ಆಡುತ್ತಾನೆ. ತಮ್ಮನ್ನು ರಿಪೇರಿ ಮಾಡಲು ಸಂಸ್ಥೆಯವರು ಬರುತ್ತಾರಂತೆ. ಬರಲಿ. ಚಹಾ ಕೊಟ್ಟು ಕಳಿಸುತ್ತೇವೆ, ತಮ್ಮನ್ನು ಕೊಡುವುದಿಲ್ಲ.